ಮೊದಲ ಬೈಕಿಗೆ ಸಿಸಿ ಅಲ್ಲ, ಚಕ್ರ ನೋಡಿ (ಹೆಡ್‌ಲೈಟನ್ನೂ)

ಮೊದಲ ಬೈಕ್ ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಸಿಸಿ ಲೆಕ್ಕ ಹೇಳುತ್ತಾರೆ. ನನ್ನದು 2018ರ ಸೆಕೆಂಡ್ ಹ್ಯಾಂಡ್ 100 ಸಿಸಿ, ಕಾಸರಗೋಡಿನ ಕೆಎಲ್-14 ನಂಬರು. ಕಂಪನಿ ಹೆಸರು ಬೇಡ, ಪೆರ್ಲ-ಬದಿಯಡ್ಕ ಕಡೆ ಯಾವ ಅಂಗಳ ಹೊಕ್ಕರೂ ಇಂಥದ್ದೊಂದು ಸಿಗುತ್ತದೆ.

"ಹೆಂಗಸರಿಗೆ ಸ್ಕೂಟರೇ ಸಾಕಲ್ಲ" ಅಂದವರು ನಮ್ಮ ಮನೆಯ ಚಡಾವು ನೋಡಿದವರಲ್ಲ. ಚೆರ್ಕಳ-ಕಲ್ಲಡ್ಕ ರಸ್ತೆ ಬಿಟ್ಟರೆ ಮತ್ತೆ ಮುರಕಲ್ಲಿನ ದಾರಿ. ಆಟಿಯ (ಜುಲೈ-ಆಗಸ್ಟಿನ) ಮಳೆಗೆ ನಡುವಲ್ಲೇ ಕಣಿ, ಅಂದರೆ ನೀರು ಕೊರೆದ ಕಾಲುವೆ, ಬಿದ್ದು ಜಲ್ಲಿಯೆಲ್ಲ ಮೇಲೆದ್ದಿರುತ್ತದೆ. ಸ್ಕೂಟರಿನ ಹತ್ತು-ಹನ್ನೆರಡು ಇಂಚಿನ ಚಕ್ರ ಕಣಿಗಿಳಿದರೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ನನ್ನ ಬೈಕಿನ 18 ಇಂಚಿನ ಚಕ್ರ ಒಮ್ಮೆ ಕುಲುಕಿ ದಾಟಿಬಿಡುತ್ತದೆ. ಬುಲೆಟ್ ತೆಗೆ ಎಂದವರೂ ಇದ್ದರು. ಅದೇ ರಾಯಲ್ ಎನ್‌ಫೀಲ್ಡ್ ಕಂಪನಿಯ ಕ್ಲಾಸಿಕ್ 350ರ ತೂಕ 195 ಕೆ.ಜಿ., ಅಡ್ಡ ಬಿದ್ದರೆ ಎತ್ತಲು ತೋಟದಿಂದ ಆಳು ಬರಬೇಕು.

ಲೈಸೆನ್ಸಿಗೆ ನಾನು ಎಂಟು ಹಾಕಿದ್ದು ಬಜಾಜಿನ ಹಳೆಯ ಕೈಗೇರಿನ ಗಾಡಿ ಎಂ80ಯಲ್ಲಿ, ಎಡಗೈಯಲ್ಲಿ ಗೇರ್ ತಿರುಗಿಸಿ. 2024ರ ಆಗಸ್ಟಿನಿಂದ ಕೇರಳದಲ್ಲಿ ಟೆಸ್ಟಿಗೆ ಕಾಲಿನ ಗೇರೇ ಆಗಬೇಕು, ಒಳ್ಳೆಯದೇ ಆಯಿತು. ನಾನು ಮಾತ್ರ ಲೈಸೆನ್ಸ್ ಕಿಸೆಯಲ್ಲಿಟ್ಟುಕೊಂಡೇ ಕಾಲಿನ ಗೇರ್ ಕಲಿತವಳು. ಇದರ ಕ್ಲಚ್ ಹಗುರ, ಆಕ್ಸಿಲರೇಟರ್ ಕೈತಪ್ಪಿ ತಿರುಗಿದರೂ ಗಾಡಿ ಎಗರುವುದಿಲ್ಲ. ಹೊಸಬರಿಗೆ ಬೇಕಾದದ್ದು ಇಷ್ಟೇ.

ನನಗೆ ತುಂಬ ಇಷ್ಟ ಬೆಳಗಿನ ಚೋಕ್, ತಣ್ಣಗಿನ ಎಂಜಿನ್ ಬೇಗ ಹೊತ್ತಲು ಎಳೆಯುವ ಪಿಡಿ. ಚೋಕ್ ಎಳೆದು, ಕೀ ತಿರುಗಿಸದೆಯೇ ಕಿಕ್ಕರನ್ನು ಎರಡು ಸಲ ಮೆಲ್ಲ ಒತ್ತುವುದು, ಆಮೇಲೆ ಕೀ, ಒಂದೇ ಒದೆತ. ಚೋಕ್ ಅರ್ಧಕ್ಕೆ ತಂದು ಮಳೆಕೋಟಿನ ಗುಂಡಿ ಹಾಕುವಷ್ಟರಲ್ಲಿ ಸದ್ದು ಸಮ ಆಗಿರುತ್ತದೆ. 2020ರ ನಂತರದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಚೋಕೇ ಇಲ್ಲ, ಪಾಪ. ನನ್ನದರ ಚೈನಿಗೆ ಪೂರ್ತಿ ಮುಚ್ಚಿಗೆ ಇರುವುದರಿಂದ ಕೆಸರಿನ ಕಾಟ ಕಡಿಮೆ. ಕರ್ನಾಟಕದ ವಿಟ್ಲಕ್ಕೆ ಹೋದರೆ ಟ್ಯಾಂಕ್ ತುಂಬಿಸಿಯೇ ಬರುವುದು, ಗಡಿಯಾಚೆ ಪೆಟ್ರೋಲ್ ಅಗ್ಗ.

ಇನ್ನು ಬೈಗುಳ. ಇದರ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬರುವುದಲ್ಲ, ಎಂಜಿನ್ ತಿರುಗಿದಷ್ಟೇ ಬೆಳಕು. ತಿರುವಿನಲ್ಲಿ ನಿಧಾನ ಮಾಡಿದಿರೋ, ದಾರಿಯೇ ಮಾಯ. ಬೆಳಕು ಬೇಕಾದದ್ದೇ ಅಲ್ಲಿ ಮಾರಾಯ್ರೆ! ಮುಸ್ಸಂಜೆ ಮಳೆಯಲ್ಲಿ ಕ್ಲಚ್ ಹಿಡಿದು, ಸುಮ್ಮನೆ ಎಂಜಿನ್ ಕಿರುಚಿಸಿ, ಆ ಬೆಳಕಲ್ಲಿ ಹೊಂಡ ಹುಡುಕಬೇಕು. ಎದುರಿಂದ ಲಾರಿ ಬಂದರೆ ಅದೂ ಇಲ್ಲ. ಬಲ್ಬ್ ಬದಲಿಸಿಯೂ ಆಯಿತು, ಗುಣ ಕಾಣಲಿಲ್ಲ. ಹಗಲು ಹೊಗಳಿದ ಗಾಡಿಯನ್ನು ರಾತ್ರಿ ಶಪಿಸುತ್ತೇನೆ. ಕತ್ತಲಾದ ಮೇಲೆ ಶಾಲೆಯ ಕಾರ್ಯಕ್ರಮ ಇದ್ದರೆ ಬಸ್ಸೇ ಗತಿ.

ಹಳೆಯ 100 ಸಿಸಿ ನೋಡಲು ಹೋಗುವವರು ಸಂಜೆ ಹೊತ್ತಿಗೇ ಹೋಗಿ. ಗೋಡೆಯೆದುರು ನಿಲ್ಲಿಸಿ, ಆಕ್ಸಿಲರೇಟರ್ ಎಳೆದು ಬಿಡಿ. ಬೆಳಕು ಏರಿಳಿದರೆ ಒಂದೋ ರೇಟಿನಲ್ಲಿ ಚರ್ಚೆ ಮಾಡಿ, ಇಲ್ಲವೇ ಬೇರೆ ಗಾಡಿ ನೋಡಿ. ಅಡಕೆಗೆ ಒಳ್ಳೆಯ ರೇಟು ಸಿಕ್ಕಿದರೆ ನಾನೂ ಬ್ಯಾಟರಿ ಲೈಟಿನ ಬಿಎಸ್-6ಕ್ಕೆ ಬದಲಾಯಿಸುವವಳೇ. ಆದರೆ 100 ಸಿಸಿಯದ್ದೇ.