ಅಂಗನವಾಡಿಯಿಂದ ಪ್ರಾಯೋಜಕತ್ವದವರೆಗೆ: ಮಲೆನಾಡಿನಲ್ಲಿ ವರ್ಷಗಟ್ಟಲೆ ಬಳಸಿದವರ ವಿಮರ್ಶೆ

ಬಳಸಿದ ಸೇವೆಗಳು: ಅಂಗನವಾಡಿ, ಮಾತೃಪೂರ್ಣ, ಮಾತೃವಂದನಾ, ಕೂಸಿನ ಮನೆ, ಪ್ರಾಯೋಜಕತ್ವ (ಆಸರೆ ಕಡಿಮೆ ಇರುವ ಮಕ್ಕಳಿಗೆ ತಿಂಗಳ ನೆರವು)
ಜಾಗ: ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಹಳ್ಳಿಗಳು
ಒಟ್ಟು ಅಂಕ: ಐದಕ್ಕೆ ಮೂರೂವರೆ

ಮಗು ಹೊಟ್ಟೆಯಲ್ಲಿರುವಾಗಿನಿಂದ ಹದಿನೆಂಟು ತುಂಬುವವರೆಗೆ ಸರ್ಕಾರದ ಒಂದಲ್ಲ ಒಂದು ಯೋಜನೆ ಇದ್ದೇ ಇದೆ, ಅದಕ್ಕೆ ದುಡ್ಡೂ ಇದೆ. ಆದರೆ ಊಟ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಚುಚ್ಚುಮದ್ದು ಆರೋಗ್ಯ ಇಲಾಖೆಯದು, ಹಗಲು ಕೂಸುಗಳನ್ನು ನೋಡಿಕೊಳ್ಳುವ ಕೂಸಿನ ಮನೆ ಪಂಚಾಯಿತಿಯದು, ಆದಾಯ ಪ್ರಮಾಣಪತ್ರ ಕಂದಾಯದವರದು. ಒಂದು ಇಲಾಖೆಯ ಕಡತ ಇನ್ನೊಂದಕ್ಕೆ ಕಾಣುವುದಿಲ್ಲ. ಇವನ್ನೆಲ್ಲ ಒಂದು ಮಗುವಿನ ಹೆಸರಿಗೆ ಜೋಡಿಸುವವರು ಊರಿನ ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆ. ಅವರಿಬ್ಬರೂ ಗಟ್ಟಿ ಇರುವ ಊರಲ್ಲಿ ಈ ಸೇವೆಗೆ ನಾಲ್ಕೂವರೆ ಅಂಕ ಕೊಡಬಹುದು. ಒಬ್ಬರ ಹುದ್ದೆ ಖಾಲಿ ಬಿದ್ದರೂ ಅದು ಎರಡಕ್ಕೆ ಇಳಿಯುತ್ತದೆ. ಅಂಗನವಾಡಿಯ ಮೇಲೆ ಕಣ್ಣಿಡುವ ಊರವರ ಬಾಲವಿಕಾಸ ಸಮಿತಿಯಲ್ಲಿ ಕೂತು ಲೆಕ್ಕ ನೋಡಿದವರಾಗಿ, ಮಕ್ಕಳನ್ನು ಅಲ್ಲಿಗೇ ಕಳಿಸಿದವರಾಗಿ ನಾವು ಇದನ್ನು ಬರೆಯುತ್ತಿದ್ದೇವೆ.

ಮೊದಲು ಊಟ. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇದ್ದರೆ 12, ಗರ್ಭಿಣಿ ಬಾಣಂತಿಯರಿಗೆ 9 ರೂಪಾಯಿ 50 ಪೈಸೆ. ಇದು 2017ರಲ್ಲಿ ಗೊತ್ತುಮಾಡಿದ ದರ, ವರ್ಷಕ್ಕೆ 300 ದಿನದ ಲೆಕ್ಕ. ಅರ್ಧ ಕೇಂದ್ರ ಸರ್ಕಾರದ್ದು, ಅರ್ಧ ರಾಜ್ಯದ್ದು. ಆ ಎಂಟು ರೂಪಾಯಿಯಲ್ಲಿ ಮಗುವಿಗೆ 500 ಕಿಲೋಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಎಂಬುದು ಆಗಿನ ಅಳತೆ. ಕರ್ನಾಟಕದಲ್ಲಿ ಇದರ ಮೇಲೆ ಕ್ಷೀರಭಾಗ್ಯದ ಹಾಲು, ವಾರಕ್ಕೆ ಎರಡು ಮೊಟ್ಟೆ ಸೇರುವುದರಿಂದಲೇ ತಟ್ಟೆ ತುಂಬಿದ ಹಾಗೆ ಕಾಣುತ್ತದೆ. ಹಾಲು ಮತ್ತು ಮೊಟ್ಟೆ ತಪ್ಪದೆ ಸಿಗುವ ಕೇಂದ್ರದಲ್ಲಿ ಮಕ್ಕಳ ತೂಕದ ಗೆರೆ ಏರುವುದನ್ನು ನಾವು ಕಂಡಿದ್ದೇವೆ.

ಮೊಟ್ಟೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಮೊಟ್ಟೆ, ತರಕಾರಿಯ ದುಡ್ಡು ಟೀಚರ್ ಮತ್ತು ಬಾಲವಿಕಾಸ ಸಮಿತಿ ಅಧ್ಯಕ್ಷೆಯ ಜಂಟಿ ಖಾತೆಗೆ ಬರುತ್ತದೆ. ಸರ್ಕಾರ ಕಟ್ಟಿದ ದರ ವರ್ಷವಿಡೀ ಒಂದೇ, ಪೇಟೆಯ ದರ ಚಳಿಗಾಲದಲ್ಲಿ ಏರುತ್ತದೆ. ಜೊತೆಗೆ ತಾಲ್ಲೂಕು ಕೇಂದ್ರದಿಂದ ಒಳಹಳ್ಳಿಗೆ ತರುವ ಆಟೋ ಬಾಡಿಗೆ, ದಾರಿಯಲ್ಲಿ ಒಡೆಯುವ ಮೊಟ್ಟೆ. ಈ ಮೂರಕ್ಕೂ ಲೆಕ್ಕದಲ್ಲಿ ಜಾಗ ಇಲ್ಲ. ಹಣ ಬಿಡುಗಡೆ ತಡವಾದರೆ ಟೀಚರ್ ತಮ್ಮ ಗೌರವಧನದಿಂದ ಹಾಕಿ ಆಮೇಲೆ ತುಂಬಿಕೊಳ್ಳಬೇಕು. ಆ ಗೌರವಧನದಲ್ಲಿ ಕೇಂದ್ರ ನಿಗದಿ ಮಾಡಿದ ಭಾಗ 2018ರಿಂದ ಟೀಚರ್‌ಗೆ ತಿಂಗಳಿಗೆ 4500, ಸಹಾಯಕಿಗೆ 2250 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸಿ ಕೊಡುತ್ತದೆ. ಇಷ್ಟರಲ್ಲಿ ಬದುಕುವವರ ಕೈಯಿಂದ ಮಕ್ಕಳ ಮೊಟ್ಟೆಗೆ ಸಾಲ ತೆಗೆಸುವುದು ಸರಿಯಲ್ಲ. ಸಮಿತಿ ಸಭೆಯಲ್ಲಿ ಪ್ರತಿ ತಿಂಗಳು ಪಾಸ್‌ಬುಕ್ ತೆರೆದು ಬಂದದ್ದೆಷ್ಟು, ಬಾಕಿಯೆಷ್ಟು ಎಂದು ನಡಾವಳಿಯಲ್ಲಿ ಬರೆಸಿ, ಬಾಕಿಯ ಪ್ರತಿಯನ್ನು ವೃತ್ತದ ಮೇಲ್ವಿಚಾರಕಿಗೆ ಕೊಟ್ಟು ಸಹಿ ಪಡೆಯಿರಿ. ಬಾಯಿಮಾತಿನ ದೂರಿಗಿಂತ ಇದಕ್ಕೆ ಬೇಗ ಉತ್ತರ ಬರುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಕೊಡುವ ಪುಷ್ಟಿ ಪುಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹವೆಗೆ ಗಂಟು ಕಟ್ಟುತ್ತದೆ. ಆ ತಿಂಗಳುಗಳಲ್ಲಿ ಪೊಟ್ಟಣ ತೆರೆದ ಕೂಡಲೇ ಒಣ ಸ್ಟೀಲ್ ಡಬ್ಬಿಗೆ ಹಾಕಿ, ಒಣ ಚಮಚ ಮಾತ್ರ ಬಳಸಿ, ಒಲೆಯ ಹತ್ತಿರದ ಬೆಚ್ಚಗಿನ ನಾಗಂದಿಗೆಯ ಮೇಲೆ ಇಡಿ. ಮುಗ್ಗಲು ವಾಸನೆ ಬಂದರೆ ಹುರಿದು ಬಳಸಬೇಡಿ, ಹುರಿದರೆ ಬೂಷ್ಟಿನ ವಿಷ ಹೋಗುವುದಿಲ್ಲ. ಪೊಟ್ಟಣದ ಮೇಲಿನ ತಯಾರಿಕೆಯ ದಿನ ಮತ್ತು ಬ್ಯಾಚ್ ಸಂಖ್ಯೆಯ ಫೋಟೋ ತೆಗೆದು ವಾಪಸು ಕೊಡಿ. ಕೇಂದ್ರದಲ್ಲಿ ಅಕ್ಕಿ ಬೇಳೆಯ ಚೀಲ ಗೋಡೆಗೆ ತಾಗದ ಹಾಗೆ ಹಲಗೆಯ ಮೇಲಿದೆಯೇ ಎಂದು ಸಮಿತಿಯವರು ನೋಡಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಗೆ ಮೊದಲು ಸಾಮಾನಿನ ಗಾಡಿ ಲಾಂಚ್ ಕಾಯಬೇಕಿತ್ತು, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದೂ ಕಷ್ಟವಾಗುತ್ತಿತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಅಡ್ಡಿ ಹೋಗಿದೆ.

ಮಾತೃಪೂರ್ಣಕ್ಕೆ ಯೋಜನೆಯಾಗಿ ಪೂರ್ಣ ಅಂಕ, ಮಲೆನಾಡಿಗೆ ಹೊಂದುವುದರಲ್ಲಿ ಎರಡೇ ಅಂಕ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ಇದೆ. ಗರ್ಭಿಣಿ ಮತ್ತು ಬಾಣಂತಿಗೆ ತಿಂಗಳಿಗೆ 25 ದಿನ ಬಿಸಿಯೂಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಕೇಂದ್ರಕ್ಕೇ ಬಂದು ಉಣ್ಣಬೇಕು ಎಂಬುದು ಇದರ ತಿರುಳು, ಮನೆಗೆ ಕೊಟ್ಟರೆ ಆ ಮೊಟ್ಟೆ ಬೇರೆಯವರ ತಟ್ಟೆಗೆ ಹೋಗುತ್ತದೆ ಎಂಬ ಕಾರಣಕ್ಕೆ. ಕಾರಣ ನಿಜವೇ. ಆದರೆ ತೋಟದೊಳಗೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ ಇರುವ ಊರಲ್ಲಿ ಏಳು ತಿಂಗಳ ಗರ್ಭಿಣಿ ಆಷಾಢದ ಮಳೆಯಲ್ಲಿ ಅಡಿಕೆ ಮರದ ಕಾಲುಸಂಕ ದಾಟಿ ಊಟಕ್ಕೆ ಬರಲಿ ಎನ್ನುವುದು ಆಗದ ಮಾತು. ಬರಲಾಗದವರು ಏನು ಮಾಡಬೇಕು? ತಾಯಿ ಕಾರ್ಡಿನಲ್ಲಿ ವೈದ್ಯರು ನಡೆಯಬಾರದೆಂದು ಬರೆದಿದ್ದರೆ ಅದರ ಪ್ರತಿಯೊಂದಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಓಗೆ, ಲಿಖಿತ ಅರ್ಜಿ ಕೊಡಿ. ಟೀಚರ್ ತಾವಾಗಿ ಮನೆಗೆ ಕಳಿಸಿದರೆ ತನಿಖೆಯಲ್ಲಿ ಅವರೇ ಸಿಕ್ಕಿಬೀಳುತ್ತಾರೆ, ಅವರ ಮೇಲೆ ಒತ್ತಡ ಹಾಕಬೇಡಿ.

ಕೇಂದ್ರಗಳ ಅಂತರಕ್ಕೂ ಇದೇ ಮೂಲ. ಬಯಲಲ್ಲಿ 400ರಿಂದ 800 ಜನಕ್ಕೆ ಒಂದು ಅಂಗನವಾಡಿ, ಗುಡ್ಡಗಾಡಿನಲ್ಲಿ 300ರಿಂದ, ಮಿನಿ ಅಂಗನವಾಡಿಯಾದರೆ 150ರಿಂದ 300 ಜನಕ್ಕೆ. ಇದು ತಲೆ ಎಣಿಕೆ. ನಡೆಯುವ ದೂರ, ಹಳ್ಳ, ಆನೆ ಕಾಡೆಮ್ಮೆಯ ದಾರಿ ಇದರಲ್ಲಿ ಬರುವುದಿಲ್ಲ. ಮಿನಿ ಕೇಂದ್ರ ಕೇಳುವಾಗ ಜನಸಂಖ್ಯೆಯ ಜೊತೆಗೆ ಪ್ರತಿ ಮನೆಯಿಂದ ಕೇಂದ್ರಕ್ಕಿರುವ ನಡಿಗೆಯ ದೂರ, ಮಳೆಗಾಲದಲ್ಲಿ ದಾಟಬೇಕಾದ ಹಳ್ಳಗಳನ್ನು ಕೈನಕ್ಷೆಯಲ್ಲಿ ಗುರುತಿಸಿ ಗ್ರಾಮಸಭೆಯ ಠರಾವಿನೊಂದಿಗೆ ಲಗತ್ತಿಸಿ.

ಈಗ ಎಲ್ಲರೂ ಕೇಳುವ ಪೋಷಣ್ ಟ್ರ್ಯಾಕರ್. ಅಂಗನವಾಡಿಯ ತಾಯಿ ಮಕ್ಕಳ ದಾಖಲೆ ಇಡುವ, 2021ರಲ್ಲಿ ಬಂದ ಆ್ಯಪ್ ಇದು. ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈಯಿಂದ ಮುಖ ಗುರುತು ಕಡ್ಡಾಯ. ಟೀಚರ್ ಮೊದಲು ನಿಮ್ಮ ಆಧಾರ್‌ನ ಇ-ಕೆವೈಸಿ ಮಾಡುತ್ತಾರೆ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಆಮೇಲೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಸಿಕ್ಕಿಬೀಳುವುದು ಮೂರು ಕಡೆ. ಆಧಾರ್‌ನಲ್ಲಿರುವ ಮೊಬೈಲ್ ಬೆಂಗಳೂರಲ್ಲಿ ಕೆಲಸ ಮಾಡುವ ಗಂಡನದು, ಒಟಿಪಿ ಅಲ್ಲಿಗೆ ಹೋಗುತ್ತದೆ. ಆಧಾರ್ ಫೋಟೋ ಹೈಸ್ಕೂಲಿನ ಕಾಲದ್ದು, ಮುಖ ಹೊಂದುವುದಿಲ್ಲ. ಎರಡೂ ಸರಿ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ. ಮೊಬೈಲ್ ಸಂಖ್ಯೆ ಬದಲಿಸಲು ತಾಲ್ಲೂಕಿಗೆ ಹೋಗಬೇಕಾಗಿಲ್ಲ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಸಾಧನ ಇರುವ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಮಾಡುತ್ತಾರೆ, ಐದರೊಳಗಿನ ಮಗುವಿನ ಆಧಾರನ್ನೂ ಅವರೇ ನೋಂದಾಯಿಸುತ್ತಾರೆ. ಫೋಟೋ ಬದಲಿಸಲು ಮಾತ್ರ ಆಧಾರ್ ಕೇಂದ್ರಕ್ಕೆ ಹೋಗಲೇಬೇಕು. ನೆಟ್‌ವರ್ಕ್ ಇಲ್ಲದ ಊರಲ್ಲಿ ಸಿಗ್ನಲ್ ಸಿಗುವ ಜಾಗದಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ ಎಲ್ಲರೂ ಸೇರುವುದು ಸದ್ಯಕ್ಕಿರುವ ದಾರಿ. ಆ ದಿನವನ್ನೇ ಚುಚ್ಚುಮದ್ದಿನ ದಿನಕ್ಕೆ ಹೊಂದಿಸಿದರೆ ತಾಯಂದಿರಿಗೆ ಒಂದು ಓಡಾಟ ಉಳಿಯುತ್ತದೆ.

ತವರಿಗೆ ಹೋಗುವವರು ಇದನ್ನು ಮರೆಯಬಾರದು. ಗಂಡನ ಊರಲ್ಲಿ ನೋಂದಣಿ ಆಗಿದ್ದು ತವರಿನ ಕೇಂದ್ರದಲ್ಲಿ ಹೊಸದಾಗಿ ಹೆಸರು ಹಾಕಿಸಲು ಹೋದರೆ ಒಂದೇ ಆಧಾರ್ ಎರಡು ಕಡೆ ಎಂದು ಆ್ಯಪ್ ನಿಲ್ಲಿಸುತ್ತದೆ. ಹೊರಡುವ ಮೊದಲೇ ವರ್ಗಾವಣೆ ಮಾಡಿಸಿಕೊಳ್ಳಿ, ಬಾಣಂತನ ಮುಗಿಸಿ ಬರುವಾಗ ತಿರುಗಿ ಮಾಡಿಸಿ. ಇದೊಂದು ತಪ್ಪಿದರೆ ಊಟ ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಎರಡೂ ಕಡೆ ಹೆಸರು ಇಲ್ಲದ ಹಾಗಾಗುತ್ತದೆ.

ತೂಕ, ಎತ್ತರ ಅಳೆಯುವಾಗ ಪಕ್ಕದಲ್ಲಿ ನಿಂತು ನೋಡಿ, ಯಾಕೆಂದರೆ ಮಗು ಯಾವ ದರದ ಆಹಾರಕ್ಕೆ ಸೇರುತ್ತದೆ ಎಂಬುದು ಆ ಅಂಕಿಯ ಮೇಲೆ ನಿಂತಿದೆ. ತಕ್ಕಡಿ ಸಮತಟ್ಟಾದ ನೆಲದ ಮೇಲಿರಬೇಕು, ಸೊನ್ನೆಯಿಂದ ಶುರುವಾಗಬೇಕು, ಸ್ವೆಟರ್ ಟೋಪಿ ತೆಗೆಸಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ದಾಟಿದವರನ್ನು ನಿಲ್ಲಿಸಿ ಅಳೆಯಬೇಕು. ಎರಡಕ್ಕೂ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಆರು ತಿಂಗಳು ದಾಟಿದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಅವರು ಬರೆದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಎರಡು ವಾರ ತಾಯಿ ಮಗು ಉಳಿಯಬೇಕಾಗುತ್ತದೆ. ತಾಯಿಗೆ ಕೂಲಿ ನಷ್ಟದ ಭತ್ಯೆ ಇದೆ, ಕೇಳಿ ಪಡೆಯಿರಿ.

ತಾಯಿಯ ಖಾತೆಗೆ ಬರುವ ಮಾತೃವಂದನಾ ದುಡ್ಡಿಗೆ ನಾಲ್ಕು ಅಂಕ. ಮೊದಲ ಮಗುವಿಗೆ 5000 ರೂಪಾಯಿ: ಗರ್ಭ ನೋಂದಾಯಿಸಿ ಒಂದಾದರೂ ತಪಾಸಣೆ ಆದ ಮೇಲೆ 3000, ಹೆರಿಗೆ ನೋಂದಣಿಯಾಗಿ 14 ವಾರದವರೆಗಿನ ಚುಚ್ಚುಮದ್ದು ಮುಗಿದ ಮೇಲೆ 2000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6000. ಹೆರಿಗೆಯಾಗಿ 270 ದಿನದೊಳಗೆ ಅರ್ಜಿ ಹೋಗಬೇಕು. ಅರ್ಜಿ ಮಂಜೂರಾಗಿದೆ, ದುಡ್ಡು ಬಂದಿಲ್ಲ ಎನ್ನುವವರು ಮೊದಲು ನೋಡಬೇಕಾದ್ದು ಆಧಾರ್‌ಗೆ ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು. ಅರ್ಜಿಯಲ್ಲಿ ಬರೆದ ಖಾತೆಗೇ ದುಡ್ಡು ಬರುತ್ತದೆ ಎಂದು ನಂಬಬೇಡಿ, ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮದುವೆಗೆ ಮುಂಚೆ ವಿದ್ಯಾರ್ಥಿವೇತನಕ್ಕೆಂದು ತವರಲ್ಲಿ ತೆರೆದ ಖಾತೆಯಲ್ಲಿ ಅದು ಬಿದ್ದಿರುವುದು ಬಹಳ ಸಲ ಕಂಡಿದ್ದೇವೆ. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬಹುದು. ಸಹಾಯವಾಣಿ 14408. ಹೆಣ್ಣುಮಗುವಿನ ಭಾಗ್ಯಲಕ್ಷ್ಮಿ ಅರ್ಜಿಯನ್ನೂ ಇದೇ ಓಡಾಟದಲ್ಲಿ ಮುಗಿಸಿ, ಹುಟ್ಟಿ ಒಂದು ವರ್ಷದೊಳಗೆ ಆಗಬೇಕು.

ಕೂಸಿನ ಮನೆಯ ಬಗ್ಗೆ ನಮಗೆ ಆಸೆಯೂ ಇದೆ, ಬೇಸರವೂ ಇದೆ. 2023-24ರಲ್ಲಿ ರಾಜ್ಯದ 4000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದಾಗಿ ಹೇಳಿ ಶುರು ಮಾಡಿದ್ದು, ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ದಾಟಿದವರನ್ನು ಮಾತ್ರ, ಹಾಗಾಗಿ ಇದು ನಿಜವಾದ ಖಾಲಿ ಜಾಗ ತುಂಬುವ ಯೋಜನೆ. ಆರೈಕೆದಾರರ ಕೂಲಿಯನ್ನು ಉದ್ಯೋಗ ಖಾತ್ರಿಗೆ ಕಟ್ಟಿದ್ದೇ ದೋಷ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ ಇದ್ದದ್ದರಿಂದ ಆರೈಕೆದಾರರು ಸರದಿಯಲ್ಲಿ ಬದಲಾಗುತ್ತ ಬಂದಿದ್ದಾರೆ. ವರ್ಷದ ಕೂಸು ಒಬ್ಬರ ಕೈಗೆ ಒಗ್ಗಿಕೊಳ್ಳುವ ಹೊತ್ತಿಗೆ ಇನ್ನೊಬ್ಬರು. ಕೂಸಿಗೆ ಬೇಕಿರುವುದು ಅದೇ ಮುಖ, ಅದೇ ಮಡಿಲು. ಒಂದೆರಡು ಹುದ್ದೆಯನ್ನಾದರೂ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಕಾಯಂ ಇಡಬೇಕು. ಸಮಯವೂ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ: ನಾಟಿ ಬೆಳಗ್ಗೆ ಬೇಗ ಶುರು, ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು ರಾತ್ರಿಯವರೆಗೆ. ಜೋರು ಮಳೆಗೆ ಜಿಲ್ಲಾಡಳಿತ ರಜೆ ಕೊಟ್ಟರೆ ಅಂಗನವಾಡಿ ಮುಚ್ಚುತ್ತದೆ, ನಾಟಿಗೆ ರಜೆ ಇಲ್ಲ. ನಾಟಿಯ ಮತ್ತು ಕೊಯ್ಲಿನ ತಿಂಗಳುಗಳಿಗೆ ಬೇರೆ ವೇಳಾಪಟ್ಟಿ ಕೇಳಿ ಮಹಿಳಾ ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದು ನಾವು ಕಂಡ ಉತ್ತಮ ದಾರಿ.

ಕಟ್ಟಡಕ್ಕೆ ಮೂರು ಕಿಸೆಯಿಂದ ದುಡ್ಡು. ಹೊಸ ಅಂಗನವಾಡಿಗೆ ಗೊತ್ತುಮಾಡಿದ 12 ಲಕ್ಷದಲ್ಲಿ 8 ಲಕ್ಷ ಉದ್ಯೋಗ ಖಾತ್ರಿ, 2 ಲಕ್ಷ ಹಣಕಾಸು ಆಯೋಗದ ಅನುದಾನ, 2 ಲಕ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ. ಮೂರರಲ್ಲಿ ಒಂದು ತಡವಾದರೂ ಗೋಡೆ ಎದ್ದು ಚಾವಣಿ ಇಲ್ಲದೆ ಮಳೆಗಾಲ ಬರುತ್ತದೆ. ಬಯಲುಸೀಮೆಯ ನಕ್ಷೆಯ ಚಪ್ಪಟೆ ತಾರಸಿ ನಮ್ಮ ಮಳೆಗೆ ಸೋರುತ್ತದೆ. ಅಂದಾಜುಪಟ್ಟಿ ತಯಾರಾಗುವಾಗಲೇ ಇಳಿಜಾರು ಚಾವಣಿ ಮತ್ತು ಅಗಲದ ಸೂರು ಬರೆಸಿ, ಆಮೇಲೆ ಸೇರಿಸಲು ಬರುವುದಿಲ್ಲ. ಶೌಚಾಲಯಕ್ಕೆ 36000, ಕುಡಿಯುವ ನೀರಿಗೆ 17000 ರೂಪಾಯಿ ಪ್ರತ್ಯೇಕ ಇದೆ, ಬಹಳ ಪಂಚಾಯಿತಿಗಳು ಕೇಳುವುದೇ ಇಲ್ಲ.

ಕೊನೆಯದು ಪ್ರಾಯೋಜಕತ್ವ, ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ್ದು. ಅತಿ ಕಡಿಮೆ ಜನಕ್ಕೆ ಗೊತ್ತಿರುವ, ಅತಿ ಹೆಚ್ಚು ಉಪಯೋಗದ ಸೇವೆ. ಗಂಡ ತೀರಿಕೊಂಡವರ ಅಥವಾ ಬಿಟ್ಟುಹೋದವರ ಮಕ್ಕಳು, ತಂದೆ ತಾಯಿ ಇಬ್ಬರೂ ಇಲ್ಲದೆ ಅಜ್ಜಿ ಮನೆಯಲ್ಲಿರುವವರು, ಹೆತ್ತವರಿಗೆ ಮಾರಕ ಕಾಯಿಲೆ ಇರುವವರು, ಇಂಥ ಮಗುವಿಗೆ ತಿಂಗಳಿಗೆ 4000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72000, ಪಟ್ಟಣದಲ್ಲಿ 96000 ದಾಟಬಾರದು. ಮಗುವನ್ನು ಹಾಸ್ಟೆಲಿಗೋ ಬಾಲಮಂದಿರಕ್ಕೋ ಕಳಿಸದೆ ಮನೆಯಲ್ಲೇ ಬೆಳೆಸಲಿ ಎಂಬುದು ಉದ್ದೇಶ. ಅರ್ಜಿ ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವಿನ ಮತ್ತು ಪೋಷಕರ ಆಧಾರ್, ಮರಣ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪತ್ರ, ಮಗುವಿನ ಹೆಸರಿರುವ ಬ್ಯಾಂಕ್ ಖಾತೆ ಬೇಕು. ಆದಾಯ ಪತ್ರ ತೀರಿಕೊಂಡ ಗಂಡನ ಹೆಸರಲ್ಲೇ ಉಳಿದಿದ್ದರೆ ಅರ್ಜಿ ವಾಪಸು ಬರುತ್ತದೆ, ಈಗ ಸಾಕುತ್ತಿರುವವರ ಹೆಸರಿಗೆ ಹೊಸದಾಗಿ ಮಾಡಿಸಿ. ಮನೆಗೆ ಬಂದು ವಿಚಾರಿಸಿ ವರದಿ ಬರೆಯುತ್ತಾರೆ, ಆ ದಿನ ಮಗು ಮನೆಯಲ್ಲಿರಲಿ. ಹಣ ತಿಂಗಳು ತಿಂಗಳು ಬರುವುದು ಅಪರೂಪ, ಕೆಲವು ತಿಂಗಳದ್ದು ಒಟ್ಟಿಗೆ ಬೀಳುತ್ತದೆ, ಅಂಗಡಿ ಸಾಲವನ್ನು ಅದರ ಮೇಲೆ ನಂಬಿ ಮಾಡಬೇಡಿ. ಮಗು ಶಾಲೆ ಬಿಟ್ಟರೆ ನೆರವೂ ನಿಲ್ಲುತ್ತದೆ.

ಊರಲ್ಲಿ ಇಂಥ ಮಗು ಇದ್ದು ಮನೆಯವರಿಗೆ ಓಡಾಡುವ ಶಕ್ತಿ ಇಲ್ಲದಿದ್ದರೆ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಬೇರೆ ಎಲ್ಲ ಅರ್ಜಿಗಳಿಗೆ ಟೀಚರ್, ಮೇಲ್ವಿಚಾರಕಿ, ಸಿಡಿಪಿಓ, ಉಪನಿರ್ದೇಶಕರು ಎಂಬ ಕ್ರಮದಲ್ಲೇ ಹೋಗಿ, ಪ್ರತಿ ಹಂತದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆಮೇಲೂ ಕೆಲಸ ಆಗದಿದ್ದರೆ ಆ ಮುದ್ರೆಗಳ ಪ್ರತಿ ಕೈಯಲ್ಲಿಟ್ಟುಕೊಂಡು ಜನಸ್ಪಂದನದ 1902ಕ್ಕೆ ದೂರು ಕೊಡಿ.