ಜುಮಾಂಜಿ: ದಾಳದ ಲೆಕ್ಕದಲ್ಲಿ ಸಾಗುವ ಕಥೆ

ಜೋ ಜಾನ್‌ಸ್ಟನ್ ನಿರ್ದೇಶಿಸಿ 1995ರಲ್ಲಿ ತೆರೆಕಂಡ ‘ಜುಮಾಂಜಿ’ಯನ್ನು ಮತ್ತೆ ನೋಡಿದಾಗ ನನ್ನನ್ನು ಹಿಡಿದಿಟ್ಟದ್ದು ಪ್ರಾಣಿಗಳ ದಾಂಧಲೆಯಲ್ಲ, ಕಥೆಯ ಕಟ್ಟೋಣ. 1969ರಲ್ಲಿ ಗೆಳತಿ ಸಾರಾಳೊಂದಿಗೆ ಜುಮಾಂಜಿ ಎಂಬ ಮಾಯಾ ಹಲಗೆಯಾಟಕ್ಕೆ ಕುಳಿತ ಬಾಲಕ ಅಲನ್, ದಾಳದಲ್ಲಿ ಐದು ಅಥವಾ ಎಂಟು ಬೀಳುವವರೆಗೆ ಕಾಡಿನಲ್ಲಿರಬೇಕೆಂಬ ನಿಯಮಕ್ಕೆ ಸಿಲುಕಿ ಆಟದೊಳಗೆ ಮರೆಯಾಗುತ್ತಾನೆ; 26 ವರ್ಷಗಳ ನಂತರ ಅದೇ ಮನೆಗೆ ಬಂದ ಅಕ್ಕ-ತಮ್ಮ ಜೂಡಿ ಮತ್ತು ಪೀಟರ್ ದಾಳ ಉರುಳಿಸಿದಾಗಲಷ್ಟೇ ಹೊರಬರುತ್ತಾನೆ. ಹಳೆಯ ಆಟವೇ ಮುಂದುವರಿಯುತ್ತಿರುವುದರಿಂದ ಸರದಿಯಂತೆ ಸಾರಾಳನ್ನೂ ಹುಡುಕಿ ತರಲೇಬೇಕು. ಪಾತ್ರಗಳನ್ನು ಒಂದುಗೂಡಿಸಲು ಆಕಸ್ಮಿಕವನ್ನು ನೆಚ್ಚದೆ ಆಟದ ನಿಯಮವನ್ನೇ ಬಳಸಿಕೊಂಡಿರುವ ಈ ಜಾಣ್ಮೆ ನನಗೆ ಅತ್ಯಂತ ಪ್ರಿಯವಾದುದು. ಪ್ರತಿ ನಡೆಯೂ ಹೊಸ ವಿಪತ್ತನ್ನು ತರುತ್ತದೆ, ಆದರೆ ಆಟ ಮುಗಿಸದೆ ಹಳೆಯ ವಿಪತ್ತೂ ತೊಲಗದು. ಹೀಗಾಗಿ ಅಪಾಯ ತಾನಾಗಿಯೇ ಬೆಳೆಯುತ್ತ ಹೋಗುತ್ತದೆ.

ಅಲನ್‌ನ ಕಠಿಣ ತಂದೆಯನ್ನೂ ಆಟದಿಂದ ಹೊರಬಂದು ಅವನನ್ನು ಬೆನ್ನಟ್ಟುವ ಬೇಟೆಗಾರನನ್ನೂ ಜೊನಾಥನ್ ಹೈಡ್ ಒಬ್ಬರೇ ಅಭಿನಯಿಸಿದ್ದಾರೆ. ಇದರಿಂದ ಹೊರಗಿನ ಓಟಕ್ಕೂ ಮಗನ ಒಳಗಿನ ಭಯಕ್ಕೂ ನಂಟು ಬೆಸೆಯುತ್ತದೆ, ರಾಬಿನ್ ವಿಲಿಯಮ್ಸ್ ಅವರ ಅಲನ್ ಕೊನೆಗೆ ಓಡದೆ ನಿಲ್ಲುವ ಗಳಿಗೆಗೆ ತೂಕ ಬರುತ್ತದೆ. ಪೇಟೆಯ ದೃಶ್ಯಗಳು ಮಾತ್ರ ತುಸು ಉದ್ದವಾದವು. ಹೆತ್ತವರನ್ನು ಕಳೆದುಕೊಂಡ ಜೂಡಿ ಮತ್ತು ಪೀಟರ್ ಅವರ ದುಃಖಕ್ಕೆ ಆ ಸಮಯದಲ್ಲಿ ಒಂದಿಷ್ಟು ಸಂದಿರಬೇಕಿತ್ತು.