ಎರಡು ಮನೆಗೆ ಒಬ್ಬರೇ ಆಯಾ: ಕಾಸರಗೋಡಿನ ಒಂದು ಏಜೆನ್ಸಿಯ ಸೇವೆ ಮತ್ತು ಅದರ ಲೆಕ್ಕ

ಎರಡು ಮನೆಯವರು ಸೇರಿ ಒಬ್ಬ ಆಯಾಳನ್ನು ಇಟ್ಟುಕೊಂಡರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂದು ಹೇಳುವವರು ಬಹಳ ಮಂದಿ. ಅಷ್ಟೇನೂ ಇಳಿಯುವುದಿಲ್ಲ. ಕಾಸರಗೋಡು ಪೇಟೆಯ ಒಂದು ಹೋಂ ನರ್ಸಿಂಗ್ ಏಜೆನ್ಸಿಯ ಮೂಲಕ ವಿದ್ಯಾನಗರದ ನಮ್ಮ ಫ್ಲ್ಯಾಟಿಗೂ ಮೇಲಿನ ಮಹಡಿಯ ಮನೆಗೂ ಸೇರಿ ಒಬ್ಬರನ್ನು ಗೊತ್ತು ಮಾಡಿಕೊಂಡಿರುವುದರಿಂದ ಇದರ ಲೆಕ್ಕ ನನಗೆ ಬಾಯಿಪಾಠವಾಗಿದೆ.

26 ವಾರಗಳ ಹೆರಿಗೆ ರಜೆ ಮುಗಿದಾಗ ನನ್ನ ಮುಂದೆ ಹೆಚ್ಚು ದಾರಿಗಳಿರಲಿಲ್ಲ. 2017ರ ಕಾನೂನು ತಿದ್ದುಪಡಿಯಂತೆ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು. ಹತ್ತು ಹದಿನೈದು ಮಂದಿಯ ನಮ್ಮ ಲೆಕ್ಕಪತ್ರ ಕಚೇರಿಗೆ ಅದು ಅನ್ವಯಿಸದು. ಅಂಗನವಾಡಿ ಪಾಠ ಆರಂಭವಾಗುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಘಟಕಗಳು ತಯಾರಿಸುವ ಅಮೃತಂ ಎಂಬ ಪೌಷ್ಟಿಕ ಪುಡಿ ಅಲ್ಲಿಂದಲೇ ಮನೆಗೆ ಬರುತ್ತದೆ, ಆದರೆ ಅದನ್ನು ಕಲಸಿ ತಿನ್ನಿಸುವವರು ಬರುವುದಿಲ್ಲವಲ್ಲ!

ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಒಂದು ಮಗುವನ್ನು ನೋಡಿಕೊಳ್ಳಲು ಏಜೆನ್ಸಿ ಹೇಳಿದ ದರ ತಿಂಗಳಿಗೆ 16,000 ರೂಪಾಯಿ, ಇಬ್ಬರಾದರೆ 22,000. ಮೇಲಿನ ಮನೆಯ ತಾಯಿ ಶಾಲಾ ಶಿಕ್ಷಕಿಯಾದ್ದರಿಂದ 4 ಗಂಟೆ ಕಳೆಯುತ್ತಲೇ ಮಗನನ್ನು ಕರೆದೊಯ್ಯುತ್ತಾರೆ. ಆ ಗಂಟೆಗಳ ವ್ಯತ್ಯಾಸ ಹಿಡಿದು ನಾವು 12,000, ಅವರು 10,000 ಕೊಡುವುದೆಂದು ಒಪ್ಪಿಕೊಂಡೆವು. ಹೀಗೆ ನಮಗೆ ಉಳಿದದ್ದು ನಾವೊಬ್ಬರೇ ಆಯಾಳನ್ನು ಇಟ್ಟುಕೊಂಡಿದ್ದರೆ ಆಗುತ್ತಿದ್ದ ಖರ್ಚಿನ ಕಾಲು ಭಾಗ ಮಾತ್ರ. ಮಧ್ಯಾಹ್ನದ ಊಟ, ಗ್ಯಾಸು, ಡೈಪರು ಇದರಲ್ಲಿ ಸೇರಿಲ್ಲ. ಒಂದು ವಾರ ನಮ್ಮಲ್ಲಿ, ಮರುವಾರ ಅವರಲ್ಲಿ ಎಂದು ಸರದಿ ಹಾಕಿಕೊಂಡದ್ದರಿಂದ ಊಟ ಮತ್ತು ಗ್ಯಾಸಿನ ಲೆಕ್ಕ ಸರಿಹೋಯಿತು. ಡೈಪರನ್ನು ಅವರವರೇ ತರುವುದು.

ಬಂದ ಅಕ್ಕ ಚೆರ್ಕಳ ಕಡೆಯವರು. ಮಲಯಾಳವನ್ನೂ ತುಳುವನ್ನೂ ಒಂದೇ ಸಲೀಸಿನಲ್ಲಿ ಮಾತಾಡುವವರು. ಅವರ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನೆನೆಸಿದ ರಾಗಿಯನ್ನು ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ತಳ ಹಿಡಿಯದಂತೆ ಮಣ್ಣಿ ಕಾಯಿಸುವುದನ್ನು ನೋಡಬೇಕು. ಒಂದು ಮಗು ಸೊಂಟದ ಮೇಲೆ, ಇನ್ನೊಂದು ಕಾಲ ಬಳಿ ಇದ್ದರೂ ಸೌಟು ನಿಲ್ಲುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಏನು ತಿಂದರು, ಎಷ್ಟು ಮಲಗಿದರು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ.

ಏಜೆನ್ಸಿಯ ಬಗ್ಗೆ ಅಷ್ಟು ಉದಾರವಾಗಿ ಹೇಳಲಾರೆ. ಕೆಲಸದವರು ಒಬ್ಬರೇ ಆದರೂ ನೋಂದಣಿ ಶುಲ್ಕವೆಂದು ಎರಡೂ ಮನೆಗಳಿಂದ 3,000ದಂತೆ ವಸೂಲು ಮಾಡಿದರು. ನಾವು ಕೊಡುವ 22,000ದಲ್ಲಿ 4,000 ಅವರ ಪಾಲಿಗೆ ಹೋಗುತ್ತದೆ ಎಂಬುದು ಕರಾರಿನಲ್ಲಿರಲಿಲ್ಲ, ಅಕ್ಕನ ಬಾಯಿಂದಲೇ ತಿಳಿಯಿತು. ಪೊಲೀಸ್ ಪರಿಶೀಲನೆಯ ಪತ್ರವನ್ನು ನಾಲ್ಕಾರು ಬಾರಿ ಕೇಳಿದ ಮೇಲಷ್ಟೇ ತೋರಿಸಿದರು. ಅವರನ್ನು ಮೆಚ್ಚಬೇಕಾದದ್ದು ಬದಲಿ ವ್ಯವಸ್ಥೆಯಲ್ಲಿ: ಮುಂಚೆ ಹೇಳಿದ ರಜೆಗಳಿಗೆ ಬೇರೊಬ್ಬರನ್ನು ತಪ್ಪದೆ ಕಳುಹಿಸಿದ್ದಾರೆ. ಡೇ ಕೇರ್ ಅಗ್ಗವೆಂಬುದು ನಿಜ, ಆದರೆ ಜ್ವರ ಬಂದ ಮಗುವನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಡೇ ಕೇರ್‌ಗಿಂತ ನಾವು ಹೆಚ್ಚಾಗಿ ಕೊಡುವ ಹಣ ಮುಖ್ಯವಾಗಿ ಅಂಥ ದಿನಗಳಿಗೇ ಸಲ್ಲುತ್ತದೆ.

ಜೊತೆಯಾಗಿ ಆಯಾ ಇಟ್ಟುಕೊಳ್ಳುವವರು ಏಜೆನ್ಸಿಯ ಕರಾರಿನ ಹೊರತಾಗಿ ತಮ್ಮೊಳಗೂ ಒಂದು ಕಾಗದ ಮಾಡಿಕೊಳ್ಳಬೇಕು. ಒಂದು ಮನೆಯವರು ಊರಿಗೆ ಹೋದ ವಾರದ ಸಂಬಳ ಯಾರು ಕೊಡಬೇಕು, ಒಂದು ಮಗುವಿಗೆ ಕೆಮ್ಮಾದರೆ ಇನ್ನೊಂದನ್ನು ಎಲ್ಲಿ ಬಿಡಬೇಕು, ಓಣಂ ಬೋನಸ್ಸಿನಲ್ಲಿ ಯಾರ ಪಾಲೆಷ್ಟು, ಬಿಡುವುದಾದರೆ ಎಷ್ಟು ಮುಂಚೆ ತಿಳಿಸಬೇಕು ಎಂಬಿಷ್ಟು ಅದರಲ್ಲಿರಲಿ. ನಾವು ಒಂದು ತಿಂಗಳ ಮುನ್ಸೂಚನೆ ಎಂದು ಬರೆದುಕೊಂಡಿದ್ದೆವು. ಬರುವ ಜೂನಿನಲ್ಲಿ ಮೇಲಿನ ಮನೆಯ ಹುಡುಗ ಅಂಗನವಾಡಿಗೆ ಸೇರುವವನಿದ್ದಾನೆ. ಅವರು ಅದನ್ನು ಈಗಲೇ ತಿಳಿಸಿರುವುದರಿಂದ ಪಕ್ಕದ ಬ್ಲಾಕಿನ ಇನ್ನೊಂದು ಮನೆಯವರೊಡನೆ ಮಾತು ನಡೆದಿದೆ. ಏಜೆನ್ಸಿ ಅವರಿಂದಲೂ 3,000 ಕೇಳಿದೆ.